ಹಕ್ಕಿಗೆ ನೀರಿಡುವ ಕಲ್ಲು

ಟ್ರ್ಯಾಕ್ಟರಿನಿಂದ ಕಲ್ಲು ಇಳಿಸುವಾಗ ಭೂದೇವಿ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಹಗ್ಗ ಬಿಗಿದು, ಹಾರೆ ಕೊಟ್ಟು, ಒಬ್ಬರನ್ನೊಬ್ಬರು ಬೈಯುತ್ತ ಗಂಡಸರು ಅದನ್ನು ಜಗಲಿಯ ಮೇಲೆ ಕೆಡವಿದರು. ಉದ್ದನೆಯ ಹಾಸುಗಲ್ಲು. ಮೇಲೆ ಸಾಲಾಗಿ ಐದು ಕುಣಿ. ಕುಣಿಗಳ ತುಂಬ ಮಣ್ಣು.

"ಇದು ನಮ್ಮ ಮನೀದು," ಎಂದ ಪ್ರಸಾದ. ತೆಲಂಗಾಣ ಹೋರಾಟ ಸಮಿತಿಯ ಮುಖಂಡ ಅವನು. ಹೆಗಲ ಮೇಲೆ ಗುಲಾಬಿ ಬಣ್ಣದ ಶಾಲು. "ಹಿತ್ತಲದಾಗ ಬೋರಲ ಬಿದ್ದಿತ್ತು. ಮ್ಯಾಲ ಅರಬಿ ಒಗೀತಿದ್ರು. ಹೊಳ್ಳಿಸಿ ನೋಡಿದ್ರ ಎಷ್ಟ ಛಂದ ಐತಿ! ನಮ್ಮ ಅಜ್ಜಾರು ಹಕ್ಕಿಗೆ ನೀರಿಡಾಕ ಮಾಡ್ಸಿದ್ರಂತ. ಬರ್ಕೊಳ್ರಿ ಮೇಡಂ."

ಭೂದೇವಿ ಬರೆದುಕೊಳ್ಳಲಿಲ್ಲ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕುಣಿಯ ಮಣ್ಣನ್ನು ಬೆರಳಿನಿಂದ ಕೆದರಿದಳು. ತಳ ನುಣ್ಣಗಿತ್ತು. ನೀರು ನಿಂತ ಕಲ್ಲು ಪಾಚಿ ಕಟ್ಟುತ್ತದೆ, ಹೀಗೆ ನುಣ್ಣಗಾಗುವುದಿಲ್ಲ. ಇದು ಕೈ ಸವರಿ ಸವರಿ ಆದದ್ದು. ಕೊನೆಯ ಗುಟುಕನ್ನೂ ಬಿಡದೆ ಬಳಿದ ಬೆರಳುಗಳಿಂದ ಆದದ್ದು.

ಅವಳಿಗೆ ಈ ಕಲ್ಲು ಗೊತ್ತಿತ್ತು. ಸಣ್ಣವಳಿದ್ದಾಗ ಅಪ್ಪನನ್ನು ಕರೆಯಲು ಪಟೇಲರ ಹಿತ್ತಲಿಗೆ ಹೋದಾಗ ಮೊದಲು ಕಂಡದ್ದು ಈ ಕಲ್ಲಿನ ಮುಂದೆ ಸಾಲಾಗಿ ಬಾಗಿದ ಬೆನ್ನುಗಳು. ಬೆವರಿಗೆ ಕೂಳೆಯ ದೂಳು ಅಂಟಿದ ಬೆನ್ನುಗಳು. ಅದರಲ್ಲಿ ಅಪ್ಪನದು ಯಾವುದೆಂದು ಗೊತ್ತಾಗದೆ ಆಕೆ ಬೇಲಿಯ ಹತ್ತಿರವೇ ನಿಂತಿದ್ದಳು. ಕರೆದಿರಲಿಲ್ಲ. ಉಂಡು ಎದ್ದ ಅಪ್ಪ ಅವಳನ್ನು ಕಂಡು ಮೊದಲ ಬಾರಿಗೆ ಹೊಡೆದ. "ಇಲ್ಲೀತನಾ ಬರಬ್ಯಾಡಂತ ಹೇಳಿಲ್ಲೇನು?" ಎಂದಿದ್ದ. ಯಾಕೆ ಹೊಡೆದನೆಂದು ತಿಳಿಯಲು ಅವಳಿಗೆ ಬಹಳ ವರ್ಷ ಹಿಡಿಯಿತು.

ಅವಳು ಹುಟ್ಟಿದ್ದು ಜಹೀರಾಬಾದಿನ ಕಡೆ, ಕೊಹೀರ್ ದಾಟಿದರೆ ಸಿಗುವ ಒಂದು ಹಳ್ಳಿಯ ಮಾದರ ಕೇರಿಯಲ್ಲಿ. ಅಪ್ಪ ತುಳಜಪ್ಪ ಶಿವಶಂಕರಪ್ಪ ಪಟೇಲರ ಮನೆಯ ಜೀತದಾಳು. ಜೀತ ಇನ್ನಿಲ್ಲವೆಂದು ಸರ್ಕಾರ ಸಾರಿ ವರ್ಷಗಳಾಗಿದ್ದವು. ಆ ಸುದ್ದಿ ಪಟೇಲರ ಹಿತ್ತಲನ್ನು ತಲುಪಿರಲಿಲ್ಲ. ಒಂದು ಸುಗ್ಗಿಯಲ್ಲಿ ಜೋಳದ ಬಂಡಿ ಅಪ್ಪನ ಪಾದದ ಮೇಲೆ ಹರಿಯಿತು. ಕುಂಟುವ ಆಳು ಪಟೇಲರಿಗೆ ಬೇಡವಾದ. ಹಾಗೆ ಬಿಡುಗಡೆಯಾದ ತುಳಜಪ್ಪ ಹೆಂಡತಿ ಮಗಳನ್ನು ಕಟ್ಟಿಕೊಂಡು ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆ ಸೇರಿದ. ಅವ್ವ ದಿನವಿಡೀ ಕಲ್ಲಿನ ರಾಡಿಯಲ್ಲಿ ನಿಂತು ಹಾಸುಗಲ್ಲು ತೊಳೆಯುತ್ತಿದ್ದಳು. ಅವಳ ಅಂಗಾಲು ಒಡೆದು, ಬಿರುಕುಗಳಲ್ಲಿ ಬೂದು ಬಣ್ಣ ಕೂತುಬಿಟ್ಟಿತ್ತು. ಸತ್ತಾಗ ಮೈ ತೊಳೆದರೂ ಆ ಬಣ್ಣ ಹೋಗಲಿಲ್ಲ.

ಆ ರಾಡಿ ಒಣಗುವ ಮುಂಚೆ ಭೂದೇವಿ ಬೆರಳಿನಿಂದ ಅದರಲ್ಲಿ ಗೆರೆ ಎಳೆಯುತ್ತಿದ್ದಳು. ಅವಳ ಕಲೆ ಶುರುವಾದದ್ದು ಅಲ್ಲಿ. ಹೈದರಾಬಾದಿನ ಕಲಾಶಾಲೆ, ಆಮೇಲೆ ಬರೋಡಾ, ಆಮೇಲೆ ಮುಂಬಯಿ, ದೆಹಲಿ. ಅವಳು ಬೂದು ಬಣ್ಣ ಬಿಟ್ಟು ಬೇರೆ ಬಳಸಲಿಲ್ಲ. ಚಿತ್ರಗಳಲ್ಲಿ ಮನುಷ್ಯರಿರಲಿಲ್ಲ. ಕಲ್ಲಿನ ಚಪ್ಪಡಿ, ಒದ್ದೆ ನೆಲ, ಖಾಲಿ ಜಾಗ. ಹೆಸರೂ ಇರಲಿಲ್ಲ. ಪತ್ರಿಕೆಯವರು ಅವಳನ್ನು ಮೌನದ ಕಲಾವಿದೆ ಎಂದರು. ಏನನ್ನು ಮುಚ್ಚಿಟ್ಟ ಮೌನ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ದೆಹಲಿಯ ಒಬ್ಬ ಶ್ರೀಮಂತ ಅವಳ ದೊಡ್ಡ ಚಿತ್ರವೊಂದನ್ನು ಕೊಂಡು ಊಟದ ಕೋಣೆಯಲ್ಲಿ ನೇತುಹಾಕಿದ. ಅದನ್ನು ನೋಡುತ್ತ ಉಣ್ಣುವುದು ತನಗೆ ತುಂಬ ಶಾಂತಿ ಕೊಡುತ್ತದೆ ಎಂದ.

ಬರಬರುತ್ತ ಬೇರೆಯವರ ಕೃತಿಗಳನ್ನು ಹೊಂದಿಸಿ ಪ್ರದರ್ಶನ ಕಟ್ಟುವ ಕೆಲಸ ಹಿಡಿದಳು. ಕ್ಯುರೇಟರ್ ಎಂದು ಹೆಸರಾಯಿತು. ಒಮ್ಮೆ ತಾಂಡೂರಿಗೆ ಬಂದಾಗ ಅಪ್ಪ ಕೇಳಿದ್ದ, "ಖರೇ ಹೇಳು, ನಿನ್ನ ಕೆಲಸ ಏನವ್ವ?"

"ಸಾಮಾನು ಹೊಂದಸಿ ಇಡೂದು ಅಪ್ಪ. ಕೆಳಗ ಅದರ ಹೆಸರು ಬರಿಯೂದು."

"ಅಂಗಡಿ ಕೆಲಸ ಅನ್ನು. ಛಲೋ ಆತು. ನೆಳ್ಳಾಗ ಕುಂದ್ರೂದು ಐತಿ."

ಯಾವುದನ್ನು ಇಡಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಡಬೇಕು ಎನ್ನುವುದರಲ್ಲೇ ತನ್ನ ಕೈ ಪಳಗಿದೆ ಎಂದು ಅವನಿಗೆ ಹೇಳಿರಲಿಲ್ಲ.

ಈಗ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ನಡೆದಿತ್ತು. ಬಸ್ಸು ನಿಂತಿದ್ದವು. ಶಾಲೆಗಳಿಗೆ ಬೀಗ. ಮಾಸ್ತರರು, ಕಾರಕೂನರು, ಲೈನ್‌ಮನ್ನರು ರಸ್ತೆಗೆ ಬಂದಿದ್ದರು. ಭೂದೇವಿಗೂ ತೆಲಂಗಾಣ ಬೇಕಾಗಿತ್ತು. ಜೈಕಾರ ಹಾಕಿ ಅವಳ ಗಂಟಲೂ ಕಟ್ಟಿತ್ತು. ಜಹೀರಾಬಾದಿನಲ್ಲಿ ಹೆದ್ದಾರಿ ಪಕ್ಕದ ಖಾಲಿ ಶಾಲೆಯೊಳಗೆ ನಮ್ಮ ನೆಲದ ಬದುಕಿನ ಪ್ರದರ್ಶನ ಮಾಡೋಣ ಎಂದು ಸಮಿತಿ ಕರೆದಾಗ ಒಂದು ಮಾತಿಗೆ ಒಪ್ಪಿಕೊಂಡಳು. ಕರೆದವನು ಶಿವಶಂಕರಪ್ಪ ಪಟೇಲರ ಮಗ ಎಂದು ಗೊತ್ತಿದ್ದೂ ಒಪ್ಪಿಕೊಂಡಳು. ಕಾಲ ಬದಲಾಗಿದೆ ಎಂದುಕೊಂಡಳು. ನಾರಾಯಣಖೇಡದಿಂದ ಬಾರಿಸುವ ಹಲಗೆ ಬಂದವು, ಕಲ್ಹೇರಿನಿಂದ ಕೂರಿಗೆ, ಬೀಸುವ ಕಲ್ಲು, ಕೌದಿ. ದೆಹಲಿಯ ಕಲಾ ಟ್ರಸ್ಟೊಂದರ ಮಿಲಿಂದ್ ಬಂದು ನೋಡಿ ತಲೆದೂಗಿದ. ಪ್ರದರ್ಶನವನ್ನು ದೆಹಲಿಗೆ ಒಯ್ಯುವುದೆಂದಾಯಿತು. ಹೊಸ ರಾಜ್ಯಕ್ಕೊಂದು ಕಲಾಭವನ ಬಂದರೆ ಅದರ ಮೊದಲ ಹೆಸರು ನಿಮ್ಮದೇ ಎಂದು ಪ್ರಸಾದ ಎಲ್ಲರೆದುರು ಹೇಳಿದ.

ಆಮೇಲೆ ಕಲ್ಲು ಬಂತು.

ಅದರ ಪಕ್ಕಕ್ಕೆ ಇಡುವ ಫಲಕವನ್ನು ಭೂದೇವಿ ತೆಲುಗಿನಲ್ಲೂ ಕನ್ನಡದಲ್ಲೂ ತಾನೇ ಬರೆದಳು. 'ಊಟದ ಕಲ್ಲು. ಶಿವಶಂಕರಪ್ಪ ಪಟೇಲರ ಹಿತ್ತಲು. ತಾಟು ಮುಟ್ಟಬಾರದ ಆಳುಗಳಿಗೆ ಇದರಲ್ಲಿ ಅಂಬಲಿ ಸುರಿಯುತ್ತಿದ್ದರು. ಉಂಡವರಲ್ಲೊಬ್ಬ ಮಾದರ ತುಳಜಪ್ಪ.' ಇಷ್ಟು ಉದ್ದದ ಫಲಕವನ್ನು ಅವಳು ಎಂದೂ ಬರೆದಿರಲಿಲ್ಲ.  ಬರೆದಾದ ಮೇಲೆ ಕಲ್ಲನ್ನು ಒಳಗಿನ ಮೂಲೆಗೆ ತರಿಸಿ, ಫಲಕವನ್ನು ಅದರ ಪಕ್ಕದ ಗೋಡೆಗೆ ಹಾಕಿಸಿದಳು.

ಸಂಜೆ ಪ್ರಸಾದ ಓದಿದ. ಎರಡು ಸಲ ಓದಿದ. ಮೇಡಂ ಎನ್ನುವುದು ಬಿಟ್ಟುಹೋಯಿತು.

"ಏನಿದು ಭೂದೇವಿ?"

"ಇದ್ದದ್ದು."

"ಹೊಟ್ಟಿಗಿ ಹಾಕ್ಯಾರ, ಹೌದು. ಹಾಕಲಿಲ್ಲಂದ್ರ ಉಪಾಸ ಸಾಯ್ತಿದ್ರಿ. ಅದಕ್ಕೂ ಬೈಸ್ಕೋಬೇಕೇನು?"

"ಬೈದಿಲ್ರಿ. ಬರದೀನಿ ಅಷ್ಟ."

ಪ್ರಸಾದ ದನಿ ಇಳಿಸಿದ. "ನೋಡು, ಇಡೀ ದೇಶ ನಮ್ಮ ಕಡಿ ನೋಡಾಕತ್ತೈತಿ. ಎಲ್ಲಾ ಜಾತಿಯವ್ರು ಒಂದಾಗಿ ರಸ್ತಾದ ಮ್ಯಾಗ ಕುಂತೀವಿ. ಇಂಥಾ ಟೈಮಿನ್ಯಾಗ ನಮ್ಮ ಮನಿ ಹೊಲಸು ನಾವ ತಗದು ಮಂದಿ ಕೈಯಾಗ ಕೊಡೂದೇನು? ಮೊದಲ ರಾಜ್ಯ ಬರ್ಲಿ. ಇದೆಲ್ಲಾ ಆಮ್ಯಾಲ ಮಾತಾಡೋಣು."

"ನಮ್ಮಪ್ಪಗ ಎಪ್ಪತ್ತು ದಾಟ್ಯಾವ್ರಿ. ಆಮ್ಯಾಲ ಅಂದ್ರ ಯಾವಾಗ?"

ಅವನು ಮಿಲಿಂದನ ಕಡೆ ನೋಡಿದ. ಮಿಲಿಂದ್ ಅವಳನ್ನು ಕಿಟಕಿಯ ಹತ್ತಿರ ಕರೆದೊಯ್ದ. ಮೆಲ್ಲಗೆ ಮಾತಾಡುವ, ಒಳ್ಳೆಯ ಮನುಷ್ಯ. "ಫಲಕವೇ ಬೇಡ ಭೂದೇವಿ. ಬರೀ ಕಲ್ಲು ಇಡಿ. ಮೇಲೊಂದು ದೀಪ. ಇಷ್ಟು ವರ್ಷ ನೀವು ಮಾಡಿದ್ದೂ ಅದನ್ನೇ ಅಲ್ಲವೆ? ನೋಡುವವರು ಅರ್ಥ ಮಾಡಿಕೊಳ್ತಾರೆ."

"ಯಾರು?"

"ನೋಡುವವರು."

"ಅವರು ಹಕ್ಕಿ ಅಂತ ಅರ್ಥ ಮಾಡಿಕೊಳ್ತಾರೆ."

ಮಿಲಿಂದ್ ನಕ್ಕ. ಆಮೇಲೆ ಅದು ನಗುವ ಮಾತಲ್ಲವೆಂದು ತಿಳಿದು ನಗು ತಡೆದುಕೊಂಡ. ಫಲಕ ಹೀಗೇ ಉಳಿದರೆ ಟ್ರಸ್ಟು ಈ ಪ್ರದರ್ಶನವನ್ನು ಮುಟ್ಟಲಾರದು, ಸಮಿತಿಯನ್ನು ಎದುರು ಹಾಕಿಕೊಳ್ಳಲಾರದು ಎಂದು ಮಾತ್ರ ಹೇಳಿದ. ಭೂದೇವಿ ಆಗಲಿ ಎಂದು ತಲೆಯಾಡಿಸಿದಳು. ಫಲಕ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ತುಳಜಪ್ಪ ಬಂದ. ಬಸ್ಸಿಲ್ಲ, ಬರಬ್ಯಾಡಪ್ಪ ಎಂದಿದ್ದಳು. ಕಲ್ಲಿನ ಲಾರಿ ಹತ್ತಿ ಬಂದಿದ್ದ. ಒಗೆದ ಧೋತರ, ಇಸ್ತ್ರಿ ಮಾಡಿಸಿದ ಅಂಗಿ. ಮಗಳ ಅಂಗಡಿ ನೋಡಬೇಕಿತ್ತು ಅವನಿಗೆ. ಹಲಗೆಯ ಚರ್ಮವನ್ನು ಬೆರಳಿನಿಂದ ಬಡಿದು ನೋಡಿದ. "ಬೆಂಕಿಗೆ ಕಾಸಿಲ್ಲ ಇದನ್ನ, ದನಿ ಸತ್ತೈತಿ," ಎಂದ. ಕೌದಿ ಕಂಡು ನಕ್ಕ. "ಇದನ್ನ ನೋಡಾಕ ದಿಲ್ಲಿಯಾಗಿನ ಮಂದಿ ಬರ್ತಾರ? ಅವರ ಮನ್ಯಾಗ ಹೊದಿಯಾಕ ಇಲ್ಲೇನು?"

ಮೂಲೆ ತಿರುಗಿದ. ಕಲ್ಲು ಕಂಡಿತು.

ಅವನು ಚಪ್ಪಲಿ ಕಳಚಿದ. ಕಳಚಿದ್ದು ತನಗೇ ಗೊತ್ತಾದಂತೆ ಕಾಣಲಿಲ್ಲ. ಬರಿಗಾಲಲ್ಲಿ ನಿಂತ.

"ಯಾಕ ತಂದೆವ್ವ ಇದನ್ನ?"

"ನಾ ತಂದಿಲ್ಲಪ್ಪ. ಪಟೇಲ್ರ ಮಗ ಕಳಸ್ಯಾನ."

"ಏನ್ ಬರದೀ?"

ಅವಳು ಓದಿ ಹೇಳಿದಳು. ಅವನು ಕೊನೆಯವರೆಗೆ ಕೇಳಿದ. 

"ನನ್ನ ಹೆಸರು ತಗಿ."

"ಯಾಕಪ್ಪ? ಸುಳ್ಳೇನು?"

"ಖರೇನ ಐತಿ. ಅದಕ್ಕ ತಗಿ ಅನ್ನಾಕತ್ತೀನಿ." ಅವನ ಗಲ್ಲದ ಎಲುಬು ಅಲುಗುತ್ತಿತ್ತು. "ನಿನ್ನ ಹೆಸರು ಪೇಪರಿನ್ಯಾಗ ಬರ್ತೈತಿ. ನಂದು ಈ ಕುಣಿ ಪಕ್ಕಕ್ಕ ಬರಬೇಕೇನು? ನಿಮ್ಮವ್ವಗೂ ಹೇಳಿದ್ದಿಲ್ಲ ನಾ. ಹೊಲದಾಗ ಉಂಡು ಬಂದೆ ಅಂತಿದ್ದೆ, ಬರೇ ಅಷ್ಟ. ಸಾಯೂತನ ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ. ನೀ ಗ್ವಾಡಿ ಮ್ಯಾಲ ಬರದಿ."

 ಫಲಕ ಬರೆಯುವಾಗ ಭೂದೇವಿಗೆ ಪಟೇಲರ ನೆನಪಿತ್ತು, ಪ್ರಸಾದನ ನೆನಪಿತ್ತು, ದೆಹಲಿಯ ನೆನಪಿತ್ತು. ಅಪ್ಪನನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಅವನ ಹೆಸರನ್ನೂ ಒಂದು ಸಾಮಾನಿನಂತೆ ತಂದಿಟ್ಟಿದ್ದಳು. ಕುಂಚ ಅದ್ದಿ ಕೊನೆಯ ಸಾಲಿನ ಮೇಲೆ ಸುಣ್ಣ ಬಳಿದಳು. ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಳು. ತುಳಜಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ.

ಆ ಹೊತ್ತಿಗೆ ಹೆದ್ದಾರಿ ತುಂಬಿತ್ತು. ಅವತ್ತು ರಸ್ತೆಯ ಮೇಲೆ ಅಡುಗೆ, ರಸ್ತೆಯ ಮೇಲೆ ಊಟ. ಮುಷ್ಕರದಲ್ಲಿ ಎಲ್ಲ ಊರುಗಳೂ ಹೀಗೆ ಮಾಡುತ್ತಿದ್ದವು. ಟಾರಿನ ಮೇಲೆ ಒಲೆ ಹೂಡಿದ್ದರು. ಅನ್ನ ಬೇಯುತ್ತಿತ್ತು. ಎಲೆ ಹಾಸಿದ ಸಾಲು ಉದ್ದಕ್ಕೆ ಹೋಗಿತ್ತು. ಶಾಲೆಯ ಗೇಟಿನ ಹತ್ತಿರ ಅಂಬಲಿಯ ಹಂಡೆ, ಅದಕ್ಕೆ 'ನಮ್ಮ ಹಿರಿಯರ ಊಟ' ಎಂಬ ಬ್ಯಾನರು. ಹಂಡೆಯ ಮುಂದೆ ಸೌಟು ಹಿಡಿದು ನಿಂತವಳು ಪ್ರಸಾದನ ತಾಯಿ ವಿಮಲಾಬಾಯಿ. ಗಂಡ ಹಾಸಿಗೆ ಹಿಡಿದ ಮೇಲೆ ಮನೆಬಿಟ್ಟು ಹೊರಬಂದದ್ದು ಇವತ್ತೇ. ಬಂದವರ ಲೋಟಕ್ಕೆಲ್ಲ ಅಂಬಲಿ ಹಾಕುತ್ತಿದ್ದಳು. ಭೂದೇವಿಯನ್ನು ಕಂಡು, "ಬಾರವ್ವ, ಎಷ್ಟ ಸೊರಗೀದಿ, ಒಂದ್ ಲೋಟ ಕುಡಿ," ಎಂದು ಮನಸಾರೆ ಕರೆದಿದ್ದಳು.

ಪತ್ರಿಕೆಯವರು ಊಟಕ್ಕಿಂತ ಮುಂಚೆ ಪ್ರದರ್ಶನ ನೋಡಿದರು. ಒಬ್ಬ ಫಲಕ ಓದಿ ಹೊರಬಂದು ಎಲ್ಲರೆದುರಿಗೇ ಕೇಳಿದ, "ಪ್ರಸಾದ್ ಸಾಬ್, ನಿಮ್ಮ ಮನೀದಂತಲ್ಲ ಆ ಕಲ್ಲು?"

ಪ್ರಸಾದ ಒಮ್ಮೆ ಕ್ಯಾಮೆರಾಗಳ ಕಡೆ ನೋಡಿದ. ಅಷ್ಟೇ. ಆಮೇಲೆ ನಕ್ಕ. "ತರ್ರಿ ಹೊರಗ ಅದನ್ನ! ನಮ್ಮಲ್ಲಿ ಭೇದ ಐತೇನು? ಇವತ್ತ ನಾ ಅದರಾಗ ಉಣ್ತೀನಿ. ತಗೀರಿ ಫೋಟೋ!"

ಜನ ಚಪ್ಪಾಳೆ ತಟ್ಟಿದರು. ಹುಡುಗರು ಹುರುಪಿನಿಂದ ಕಲ್ಲು ಹೊತ್ತು ತಂದು ಹಂಡೆಯ ಮುಂದೆ ಇಟ್ಟರು, ನೀರು ಸುರಿದು ತೊಳೆದರು. ಪ್ರಸಾದ ಶಾಲು ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಕ್ಯಾಮೆರಾಗಳು ಬಾಗಿದವು.

ಭೂದೇವಿಗೆ ಕಾಣುತ್ತಿತ್ತು. ನಾಳೆ ಈ ಚಿತ್ರ ಬರುತ್ತದೆ. ಅಪ್ಪ ಹೆಂಡತಿಗೂ ಹೇಳದೆ ನುಂಗಿದ್ದನ್ನು ಇವನು ಒಂದು ತುತ್ತಿನಲ್ಲಿ ನುಂಗಿ ಕೈ ತೊಳೆದುಕೊಳ್ಳುತ್ತಾನೆ. ದೊಡ್ಡವನಾಗುತ್ತಾನೆ. ಅವಳು ಜನರನ್ನು ಸರಿಸಿ ಮುಂದೆ ಹೋದಳು. ಬಗ್ಗಿ ಅವನ ಮುಂದಿನ ಕುಣಿಯ ಮೇಲೆ ಅಂಗೈ ಇಟ್ಟಳು.

"ಮೊದಲ ಹೇಳ್ರಿ, ಇದು ಯಾತರ ಕಲ್ಲು?"

"ಕೈ ತಗಿ," ಎಂದ ಅವನು ನಗುತ್ತಲೇ, ತುಟಿ ಅಲುಗಿಸದೆ.

"ಹೇಳಿ ಉಣ್ರಿ."

"ಹಕ್ಕಿಗೆ ನೀರಿಡೋ ಕಲ್ಲು." ಈಗ ಗಟ್ಟಿಯಾಗಿ ಹೇಳಿದ. "ಇದಕ್ಕ ಇಲ್ಲದ್ದು ಕತಿ ಕಟ್ಯಾರ. ಪೇಂಟಿಂಗ್ ಮಾಡೋರು, ಕಲ್ಪನಾ ಜಾಸ್ತಿ. ಆದ್ರೂ ನಾ ಉಣ್ತೀನಿ."

"ಉಣ್ಣಾಕ ಬರ್ತೈತಿ, ಹೇಳಾಕ ಬರಂಗಿಲ್ಲೇನು?"

ಅವನ ನಗು ಆರಿತು. ಪ್ರಸಾದ ಎದ್ದು ನಿಂತ. ಅವಳಿಗಿಂತ ಒಂದು ಮೊಳ ಎತ್ತರ ಅವನು. "ಆತು. ಉಂಡವರ ಹೆಸರು ಹೇಳು. ಒಬ್ಬರದು ಹೇಳು. ಇಷ್ಟು ಮಂದಿ ಮುಂದ ಹೇಳು. ಬರದಿದ್ಯಲ್ಲ, ಮತ್ತ್ಯಾಕ ಅಳಿಸಿದಿ? ಸುಳ್ಳಂತ ಅಲ್ಲೇನು?"

ಕ್ಯಾಮೆರಾಗಳು ಅವಳ ಕಡೆ ತಿರುಗಿದವು. ಮಿಲಿಂದ್ ಗೇಟಿನ ಹತ್ತಿರ ನಿಂತು ಬೇಡ ಎಂಬಂತೆ ತಲೆಯಾಡಿಸುತ್ತಿದ್ದ. ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಮಾತು ಕೊಟ್ಟಿದ್ದಳು. ಇಷ್ಟು ವರ್ಷ ಅವಳ ಮೌನಕ್ಕೆ ಬೆಲೆ ಸಿಕ್ಕಿತ್ತು. ಈಗಿನದಕ್ಕೆ ಜನ ನಗತೊಡಗಿದರು. "ಬಾಯಿ ಹೋತೇನು ಅಕ್ಕ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಕುಣಿಯ ಮೇಲಿನ ಕೈ ತೆಗೆಯಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ.

ಬೇವಿನ ಗಿಡದ ಕೆಳಗಿನಿಂದ ತುಳಜಪ್ಪ ಎದ್ದ.

ಕುಂಟುತ್ತ ಬಂದ. ದಾರಿ ಬಿಡಿ ಎನ್ನಲಿಲ್ಲ. ಜನ ತಾವಾಗಿ ಬಿಟ್ಟರು. ಕಲ್ಲಿನ ಹತ್ತಿರ ಬಂದು ಮಗಳ ಮಣಿಕಟ್ಟು ಹಿಡಿದು ಕೈಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎಡದಿಂದ ಎರಡನೆಯ ಕುಣಿಯ ಮುಂದೆ ಕೂತ.

ಪ್ರಸಾದ ಕೂತ ಹಾಗೆ ಕೂರಲಿಲ್ಲ. ಅಂಗಾಲ ಮೇಲೆ ಕುಕ್ಕರಿಸಿದ. ಮೊಣಕಾಲು ಎದೆಗೆ ತಂದ. ಧೋತರ ತೊಡೆಗೆ ಸಿಕ್ಕಿಸಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ, ಅದು ಕಲ್ಲಿಗೆ ತಾಗದಂತೆ. ತಲೆ ತಗ್ಗಿಸಿದ. ಎಪ್ಪತ್ತು ದಾಟಿದ ಮೈ ಒಂದು ಸಲವೂ ತಡವರಿಸದೆ ಅಷ್ಟನ್ನೂ ಮಾಡಿ ಮುಗಿಸಿತು. ಇಸ್ತ್ರಿಯ ಅಂಗಿ ಬೆನ್ನಿನ ಮೇಲೆ ಬಿಗಿಯಿತು. ಇವತ್ತು ಆ ಬೆನ್ನು ಯಾರದೆಂದು ಭೂದೇವಿಗೆ ಗೊತ್ತಿತ್ತು.

ಅವನು ಕೂತ, ಅಷ್ಟೇ.

ಆಗ ವಿಮಲಾಬಾಯಿ ಸೆರಗನ್ನು ಒಳಗೆಳೆದು ಸೊಂಟಕ್ಕೆ ಸಿಕ್ಕಿಸಿದಳು. ಸೌಟು ತುಂಬಿದಳು. ಎರಡು ಹೆಜ್ಜೆ ಮುಂದೆ ಬಂದು, ಪಾದ ಹಿಂದೆ ಉಳಿಸಿ, ಮೈ ಓರೆ ಮಾಡಿ, ಕೈಯನ್ನು ಆದಷ್ಟು ಎತ್ತರಕ್ಕೆತ್ತಿ ಮೇಲಿನಿಂದ ಸುರಿದಳು. ಅಂಬಲಿ ಗೆರೆ ಎಳೆದ ಹಾಗೆ ಇಳಿದು ಕುಣಿಗೆ ಬಿತ್ತು. ಒಂದು ಹನಿಯೂ ಆಚೀಚೆ ಆಗಲಿಲ್ಲ. ಕೈ ಮುಂದಿನ ಕುಣಿಯ ಕಡೆಗೆ ತಾನಾಗಿ ಸರಿಯಿತು. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಗೆ ನಿಂತಿತು.

ಹೆದ್ದಾರಿಯ ಮೇಲೆ ಒಲೆಯ ಸದ್ದು ಮಾತ್ರ ಕೇಳುತ್ತಿತ್ತು.

"ಅವ್ವಾ!" ಎಂದು ಪ್ರಸಾದ ಕಿರುಚಿದ.

ಮುದುಕಿ ಬೆಚ್ಚಿದಳು. ಮಗನ ಮುಖ ನೋಡಿದಳು, ಕ್ಯಾಮೆರಾ ನೋಡಿದಳು, ಕೈಯಲ್ಲಿನ ಸೌಟು ನೋಡಿದಳು. ತಪ್ಪು ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ.

"ಅಂವ ಕುಂತಾನಲ್ಲೋ," ಎಂದಳು. "ಕುಂತಮ್ಯಾಲ ಹಾಕಬೇಕಲ್ಲ?"

ತುಳಜಪ್ಪ ತಲೆ ಎತ್ತಿದ. ಆ ಹಿತ್ತಲಿನಲ್ಲಿ ಸಾಕು ಎನ್ನುವುದಿರಲಿಲ್ಲ, ಬೇಕು ಎನ್ನುವುದಿರಲಿಲ್ಲ. ಸುರಿದವರ ಮುಖ ನೋಡುವುದಿರಲಿಲ್ಲ. ಈಗ ಅವಳ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಒಲ್ಲೆ," ಎಂದ.

ನೆಲಕ್ಕೆ ಕೈಯೂರಿ ಎದ್ದ. ಉಂಡವರೇ ಕಲ್ಲು ತೊಳೆದು ಹೋಗಬೇಕೆಂಬುದು ಆ ಹಿತ್ತಲಿನ ಪದ್ಧತಿ. ಅವನು ತೊಳೆಯಲಿಲ್ಲ. ಕಲ್ಲನ್ನು ದಾಟಿ ರಸ್ತೆಯ ನಡುವೆ ಹೋದ. ಎಲೆಗಳ ಸಾಲಿನಲ್ಲಿ ಒಂದು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ.

ಬಡಿಸುವ ಹುಡುಗರು ಬಕೆಟ್ಟು ಹಿಡಿದು ಪ್ರಸಾದನ ಮುಖ ನೋಡಿದರು. ಪ್ರಸಾದ ಎತ್ತಲೋ ನೋಡುತ್ತಿದ್ದ. ಮಿಲಿಂದ್ ಫೋನು ಕಿವಿಗಿಟ್ಟುಕೊಂಡು ಶಾಲೆಯ ಒಳಕ್ಕೆ ನಡೆದ. ಯಾರೂ ಅಲುಗಲಿಲ್ಲ.

ಭೂದೇವಿ ಬಕೆಟ್ಟಿಗೆ ಕೈ ಹಾಕಬಹುದಿತ್ತು. ಹಾಕಲಿಲ್ಲ. ಬಡಿಸಬೇಕಾದವರು ಬಡಿಸಬೇಕು. ಅವಳು ಹೋಗಿ ಅಪ್ಪನ ಪಕ್ಕದ ಎಲೆಯ ಮುಂದೆ ಕೂತಳು. ಕೆಳಗಿನ ಟಾರು ಸುಡುತ್ತಿತ್ತು. ಇಬ್ಬರೂ ಕಾಯುತ್ತ ಕೂತರು.